ಎರಡನೆಯ ಚಂದ್ರನ ಸುದ್ದಿ ಮತ್ತು ಕಕ್ಷೆಯ ಲೆಕ್ಕ

2025ರ ಆಗಸ್ಟ್ ತಿಂಗಳಲ್ಲಿ ಹವಾಯಿಯ ಪ್ಯಾನ್-ಸ್ಟಾರ್ಸ್ ದೂರದರ್ಶಕವು ಸುಮಾರು 20 ಮೀಟರ್ ಅಗಲದ ಒಂದು ಬಂಡೆಯನ್ನು ಪತ್ತೆ ಮಾಡಿತು. ದಾಖಲೆಯಲ್ಲಿ ಅದರ ಹೆಸರು 2025 ಪಿಎನ್7. ಕೆಲವು ವಾರಗಳ ಬಳಿಕ ಅದರ ಕಕ್ಷೆಯ ಲೆಕ್ಕಾಚಾರ ಪ್ರಕಟವಾಗುತ್ತಲೇ ‘ಭೂಮಿಗೆ ಎರಡನೆಯ ಚಂದ್ರ’, ‘2083ರವರೆಗೆ ಇಬ್ಬರು ಚಂದ್ರರು’ ಎಂಬ ಧಾಟಿಯ ಶೀರ್ಷಿಕೆಗಳು ಹರಿದಾಡಿದವು. ಈ ಬಂಡೆ ಸುತ್ತುತ್ತಿರುವುದು ಸೂರ್ಯನನ್ನು ಎಂಬ ಮಾತು ವರದಿಯ ಕೆಳಗಿನ ಸಾಲುಗಳಲ್ಲಿ ಎಲ್ಲೋ ಇರುತ್ತಿತ್ತು. ಭೂಮಿಯ ಜೊತೆಗೂ ಇದೆ, ಸೂರ್ಯನನ್ನೂ ಸುತ್ತುತ್ತಿದೆ, ಸುಮಾರು 60 ವರ್ಷಗಳಿಂದ ನಮ್ಮ ಪಕ್ಕದಲ್ಲೇ ಇದ್ದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಇನ್ನು ಅರವತ್ತು ವರ್ಷದೊಳಗೆ ಬಿಟ್ಟು ಹೋಗುತ್ತದೆ ಎಂದರೆ ಓದುಗರಿಗೆ ಗೊಂದಲವಾಗುವುದು ಸಹಜ. ಅದಕ್ಕೂ ಹಿಂದಿನ ವರ್ಷ, 2024 ಪಿಟಿ5 ಎಂಬ ಇನ್ನೊಂದು ಪುಟ್ಟ ಬಂಡೆ ಸೆಪ್ಟೆಂಬರ್ 29ರಿಂದ ನವೆಂಬರ್ 25ರವರೆಗೆ, ಅಂದರೆ ಎರಡು ತಿಂಗಳೂ ತುಂಬದ ಅವಧಿಗೆ, ‘ಮಿನಿ ಮೂನ್’ ಎನಿಸಿಕೊಂಡು ಹೋಗಿತ್ತು.

ಗೊಂದಲಕ್ಕೆ ಭಾಷೆಯೂ ಸ್ವಲ್ಪ ಕಾರಣ. ಇಂಗ್ಲಿಷಿನಲ್ಲಿ ನಮ್ಮ ಚಂದ್ರನಿಗೂ ಬೇರೆ ಗ್ರಹಗಳ ಸುತ್ತಲಿನ ಕಾಯಗಳಿಗೂ ಒಂದೇ ಪದ ಬಳಕೆಯಲ್ಲಿದೆ. ಕನ್ನಡದಲ್ಲಿ ಚಂದ್ರ ಎಂಬುದು ಒಬ್ಬನ ಹೆಸರು, ಉಪಗ್ರಹ ಎಂಬುದು ಜಾತಿಯ ಹೆಸರು. ಈ ವ್ಯತ್ಯಾಸವನ್ನು ಉಳಿಸಿಕೊಂಡಿದ್ದರೆ ಪ್ರಶ್ನೆ ಹೆಚ್ಚು ಸ್ಪಷ್ಟವಾಗುತ್ತಿತ್ತು: ಈ ಬಂಡೆ ಭೂಮಿಯ ಉಪಗ್ರಹವೇ? ಇದಕ್ಕೆ ಉತ್ತರಿಸಬೇಕಾದರೆ, ಗುರುತ್ವವು ಒಂದು ಕಾಯವನ್ನು ಕಕ್ಷೆಯಲ್ಲಿ ಇರಿಸುವುದು ಎಂದರೆ ನಿಜವಾಗಿ ಏನು ಎಂಬಲ್ಲಿಂದಲೇ ಆರಂಭಿಸಬೇಕಾಗುತ್ತದೆ.

ಬೀಳುತ್ತಲೇ ಇರುವ ಚಂದ್ರ

ಶಾಲೆಯಲ್ಲಿ ಹೆಚ್ಚಿನವರು ಕಲಿತ ಚಿತ್ರ ಒಂದೇ: ದಾರಕ್ಕೆ ಕಲ್ಲು ಕಟ್ಟಿ ತಿರುಗಿಸಿದಂತೆ ಭೂಮಿಯು ಚಂದ್ರನನ್ನು ತಿರುಗಿಸುತ್ತಿದೆ. ಅದರ ಜೊತೆಗೆ ಇನ್ನೊಂದು ವಾಕ್ಯವೂ ಸೇರಿಕೊಂಡಿರುತ್ತದೆ. ಒಳಕ್ಕೆ ಎಳೆಯುವ ಗುರುತ್ವವೂ ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲವೂ ಸಮನಾಗಿರುವುದರಿಂದ ಚಂದ್ರ ಬೀಳುವುದಿಲ್ಲ ಎಂಬ ವಾಕ್ಯ. ಚಂದ್ರನ ಜೊತೆಗೇ ತಿರುಗುತ್ತಾ ನೋಡುವವರ ಲೆಕ್ಕಕ್ಕೆ ಅದು ಸರಿಯಾದೀತು, ಆದರೆ ಹೊರಗೆ ನಿಂತು ನೋಡುವವರಿಗೆ ಅದು ದಾರಿ ತಪ್ಪಿಸುವ ವಿವರಣೆ. ಎರಡು ಬಲಗಳು ನಿಜಕ್ಕೂ ಒಂದನ್ನೊಂದು ರದ್ದುಗೊಳಿಸಿದ್ದರೆ ಚಂದ್ರನ ಮೇಲೆ ಯಾವ ಬಲವೂ ಉಳಿಯುತ್ತಿರಲಿಲ್ಲ, ಅವನು ನೇರ ರೇಖೆಯಲ್ಲಿ ಹೊರಟುಹೋಗುತ್ತಿದ್ದ. ಅವನ ದಾರಿ ಬಾಗಿದೆ ಎಂದರೆ ರದ್ದಾಗದೆ ಉಳಿದ ಒಂದು ಬಲವಿದೆ ಎಂದೇ ಅರ್ಥ.

1687ರಲ್ಲಿ ನ್ಯೂಟನ್ ಮುಂದಿಟ್ಟ ವಿವರಣೆ ಇದಕ್ಕಿಂತ ಸರಳವಾಗಿದೆ: ಚಂದ್ರ ಬೀಳುತ್ತಿದ್ದಾನೆ, ಆದರೆ ಪಕ್ಕಕ್ಕೂ ಚಲಿಸುತ್ತಿದ್ದಾನೆ. ಭೂಮಿಯ ಮೇಲೆ ಕೈಬಿಟ್ಟ ವಸ್ತು ಮೊದಲ ಒಂದು ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಭೂಮಿ ಗುಂಡಗಿರುವುದರಿಂದ, ನೇರವಾಗಿ 7.9 ಕಿಲೋಮೀಟರ್ ಮುಂದೆ ಸಾಗಿದರೆ ಅಲ್ಲಿ ನೆಲವೂ ಅಷ್ಟೇ, ಅಂದರೆ 4.9 ಮೀಟರ್, ತಗ್ಗಿರುತ್ತದೆ. ಆದ್ದರಿಂದ ಗಾಳಿಯ ತಡೆಯಿಲ್ಲದಿದ್ದರೆ, ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಪಕ್ಕಕ್ಕೆ ಎಸೆದ ವಸ್ತು ಬೀಳುತ್ತಲೇ ಇರುತ್ತದೆ, ಆದರೆ ನೆಲ ಅದಕ್ಕೆ ಸಿಗುವುದೇ ಇಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವ 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಗುರುತ್ವ ನೆಲದಲ್ಲಿರುವುದರ ಸುಮಾರು ಶೇಕಡಾ 90ರಷ್ಟಿದೆ. ಗಗನಯಾತ್ರಿಗಳು ತೇಲುವುದು ಅಲ್ಲಿ ಗುರುತ್ವ ಇಲ್ಲವೆಂದಲ್ಲ, ಅವರೂ ನಿಲ್ದಾಣವೂ ಒಟ್ಟಿಗೆ ಬೀಳುತ್ತಿರುವುದರಿಂದ.

ಚಂದ್ರ ಭೂಮಿಯ ಕೇಂದ್ರದಿಂದ ಸರಾಸರಿ 3,84,400 ಕಿಲೋಮೀಟರ್ ದೂರದಲ್ಲಿದ್ದಾನೆ, ಅಂದರೆ ನಮಗಿಂತ ಸುಮಾರು 60 ಪಟ್ಟು ದೂರ. ದೂರದ ವರ್ಗಕ್ಕೆ ತಕ್ಕಂತೆ ಗುರುತ್ವ ಕ್ಷೀಣಿಸುತ್ತದೆ ಎಂದಾದರೆ ಅಲ್ಲಿ ಅದು 3,600ರಲ್ಲಿ ಒಂದು ಪಾಲು ಇರಬೇಕು. 4.9 ಮೀಟರನ್ನು 3,600ರಿಂದ ಭಾಗಿಸಿದರೆ 1.36 ಮಿಲಿಮೀಟರ್ ಬರುತ್ತದೆ. ಚಂದ್ರನ ಕಕ್ಷೆಯ ಅಳತೆಯಿಂದ ಬೇರೆಯಾಗಿಯೇ ಲೆಕ್ಕ ಹಾಕಿದಾಗಲೂ, ಪ್ರತಿ ಸೆಕೆಂಡಿಗೆ ಒಂದು ಕಿಲೋಮೀಟರಿಗಿಂತ ತುಸು ಹೆಚ್ಚು ಪಕ್ಕಕ್ಕೆ ಸಾಗುವ ಅವನು ನೇರ ರೇಖೆಯಿಂದ ಭೂಮಿಯತ್ತ ಸರಿಯುವುದು ಅಷ್ಟೇ. ಮರದಿಂದ ಬೀಳುವ ಹಣ್ಣಿಗೂ ಆಕಾಶದ ಚಂದ್ರನಿಗೂ ಒಂದೇ ನಿಯಮ ಅನ್ವಯಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ಪುರಾವೆ ಸಿಗುವುದು ಕಷ್ಟ.

ಕಕ್ಷೆ ಸೂಜಿಯ ಮೊನೆಯ ಮೇಲೆ ನಿಂತಿಲ್ಲ

ವೇಗ ಕೂದಲೆಳೆಯಷ್ಟು ಕಡಿಮೆಯಾದರೂ ಗ್ರಹ ಸೂರ್ಯನೊಳಗೆ ಬೀಳುತ್ತದೆ, ಹೆಚ್ಚಾದರೆ ತಪ್ಪಿಸಿಕೊಂಡು ಹೋಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ವೃತ್ತಾಕಾರದ ಕಕ್ಷೆಗೆ ಬೇಕಾದ ವೇಗಕ್ಕಿಂತ ಕಡಿಮೆ ಇದ್ದ ಕಾಯವು ಒಳಮುಖವಾಗಿ ಇಳಿಯುತ್ತದೆ, ಇಳಿಯುತ್ತಾ ವೇಗ ಗಳಿಸುತ್ತದೆ, ಗಳಿಸಿದ ವೇಗವೇ ಅದನ್ನು ಮತ್ತೆ ಹೊರಗೆ ಒಯ್ಯುತ್ತದೆ. ಹೆಚ್ಚು ವೇಗವಿದ್ದ ಕಾಯವು ದೂರ ಸಾಗುತ್ತಾ ನಿಧಾನಗೊಂಡು ಹಿಂತಿರುಗುತ್ತದೆ. ಎರಡೂ ಸಂದರ್ಭಗಳಲ್ಲಿ ದಾರಿ ದೀರ್ಘವೃತ್ತವಾಗುತ್ತದೆಯೇ ಹೊರತು ಸಂಬಂಧ ಕಡಿದುಹೋಗುವುದಿಲ್ಲ. ತಪ್ಪಿಸಿಕೊಳ್ಳಬೇಕಾದರೆ ವೃತ್ತಕ್ಕೆ ಬೇಕಾದ ವೇಗದ ಸುಮಾರು 1.41 ಪಟ್ಟು ಬೇಕು. ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿಲೋಮೀಟರ್ ವೇಗದಲ್ಲಿರುವ ಭೂಮಿ ಬಿಡುಗಡೆ ಹೊಂದಲು 42 ಕಿಲೋಮೀಟರ್ ವೇಗ ಪಡೆಯಬೇಕಾಗುತ್ತದೆ. ಭೂಮಿಯ ಕಕ್ಷೆಯೂ ಪೂರ್ಣ ವೃತ್ತವಲ್ಲ. ಜನವರಿಯಲ್ಲಿ ಸೂರ್ಯನಿಂದ ಸುಮಾರು 14.7 ಕೋಟಿ ಕಿಲೋಮೀಟರ್ ದೂರದಲ್ಲಿದ್ದು ತುಸು ವೇಗವಾಗಿಯೂ, ಜುಲೈಯಲ್ಲಿ 15.2 ಕೋಟಿ ಕಿಲೋಮೀಟರ್ ದೂರದಲ್ಲಿದ್ದು ತುಸು ನಿಧಾನವಾಗಿಯೂ ಅದು ಸಾಗುತ್ತದೆ.

ಪಕ್ಕಕ್ಕೆ ಸಾಗುವ ಈ ವೇಗ ಮೊದಲು ಬಂದದ್ದು ಎಲ್ಲಿಂದ? ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನೂ ಗ್ರಹಗಳೂ ರೂಪುಗೊಂಡ ಅನಿಲ ಮತ್ತು ದೂಳಿನ ಮೋಡವೇ ತಿರುಗುತ್ತಿತ್ತು. ತಕ್ಕಷ್ಟು ಪಾರ್ಶ್ವವೇಗ ಇಲ್ಲದ ದ್ರವ್ಯ ಸೂರ್ಯನನ್ನು ಸೇರಿತು, ಇದ್ದದ್ದು ಉಳಿಯಿತು. ಉಳಿದ ವೇಗವನ್ನು ಕುಂದಿಸಲು ಅಂತರಿಕ್ಷದಲ್ಲಿ ಹೇಳಿಕೊಳ್ಳುವಂಥ ಘರ್ಷಣೆಯಿಲ್ಲದ ಕಾರಣ ಗ್ರಹಗಳಿಗೆ ಯಾವ ಇಂಧನವೂ ಬೇಕಾಗಿಲ್ಲ.

ಗುರುತ್ವವು ಬಲವೋ ಅಥವಾ 1915ರಲ್ಲಿ ಐನ್‌ಸ್ಟೈನ್ ಹೇಳಿದಂತೆ ದೇಶಕಾಲದ ಬಾಗುವಿಕೆಯೋ ಎಂಬ ಪ್ರಶ್ನೆ ಇಲ್ಲಿ ಏಳುವುದುಂಟು. ಬುಧಗ್ರಹದ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿ ಕೋನದ 3,600ರಲ್ಲಿ ಒಂದು ಪಾಲು) ಹೆಚ್ಚಾಗಿ ತಿರುಗುವುದನ್ನು ನ್ಯೂಟನ್ನನ ನಿಯಮದಿಂದ ವಿವರಿಸಲಾಗದು, ಐನ್‌ಸ್ಟೈನನ ಸಿದ್ಧಾಂತದಿಂದ ಆಗುತ್ತದೆ. ಆದರೆ ಎರಡನೆಯ ಚಂದ್ರನ ಪ್ರಶ್ನೆ ಇತ್ಯರ್ಥವಾಗಲು ನ್ಯೂಟನ್ನನ ಲೆಕ್ಕವೇ ಸಾಕು.

ಸೂರ್ಯನ ಸೆಳೆತವೇ ಹೆಚ್ಚು, ಆದರೂ ಚಂದ್ರ ಭೂಮಿಯವನು

ಚಂದ್ರನನ್ನು ಭೂಮಿಗಿಂತ ಸೂರ್ಯನೇ ಹೆಚ್ಚು ಬಲವಾಗಿ ಎಳೆಯುತ್ತಾನೆ. ನಂಬಲು ಕಷ್ಟವಾದರೂ ಲೆಕ್ಕ ಸುಲಭ. ಸೂರ್ಯನ ದ್ರವ್ಯರಾಶಿ ಭೂಮಿಯ ಸುಮಾರು 3,33,000 ಪಟ್ಟು. ಚಂದ್ರನಿಂದ ಭೂಮಿಗಿರುವ ದೂರಕ್ಕಿಂತ ಸೂರ್ಯನಿಗಿರುವ ದೂರ ಸುಮಾರು 389 ಪಟ್ಟು ಹೆಚ್ಚು. 389ರ ವರ್ಗ ಸುಮಾರು 1,51,000. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 2.2 ಬರುತ್ತದೆ. ಅಂದರೆ ಚಂದ್ರನ ಮೇಲೆ ಸೂರ್ಯನ ಸೆಳೆತ ಭೂಮಿಯದ್ದಕ್ಕಿಂತ ಎರಡು ಪಟ್ಟಿಗೂ ಮೀರಿದ್ದು.

ಹಾಗಿದ್ದ ಮೇಲೆ ಸೂರ್ಯ ಚಂದ್ರನನ್ನು ಭೂಮಿಯಿಂದ ಕಿತ್ತುಕೊಳ್ಳುವುದಿಲ್ಲ ಏಕೆ? ಸೂರ್ಯ ಚಂದ್ರನನ್ನು ಮಾತ್ರ ಎಳೆಯುತ್ತಿಲ್ಲ, ಭೂಮಿಯನ್ನೂ ಬಹುತೇಕ ಅಷ್ಟೇ ಪ್ರಮಾಣದಲ್ಲಿ, ಅದೇ ದಿಕ್ಕಿಗೆ ಎಳೆಯುತ್ತಿದ್ದಾನೆ. ಓಡುತ್ತಿರುವ ರೈಲಿನೊಳಗೆ ಎದುರುಬದುರು ಕುಳಿತ ಇಬ್ಬರ ನಡುವಿನ ಅಂತರವನ್ನು ರೈಲಿನ ವೇಗ ಬದಲಿಸುವುದಿಲ್ಲ. ಅದೇ ರೀತಿಯಲ್ಲಿ, ಇಬ್ಬರಿಗೂ ಸಮಾನವಾದ ಸೆಳೆತವು ಅವರಿಬ್ಬರ ನಡುವಿನ ಸಂಬಂಧವನ್ನು ಕೆಡಿಸುವುದಿಲ್ಲ. ಕೆಡಿಸಬಲ್ಲದ್ದು ವ್ಯತ್ಯಾಸ ಮಾತ್ರ. ಚಂದ್ರ ಸೂರ್ಯನ ಕಡೆಗಿದ್ದಾಗ ಭೂಮಿಗಿಂತ ತುಸು ಹೆಚ್ಚು ಸೆಳೆತಕ್ಕೆ ಒಳಗಾಗುತ್ತಾನೆ, ಆಚೆ ಬದಿಗಿದ್ದಾಗ ತುಸು ಕಡಿಮೆ. ಈ ವ್ಯತ್ಯಾಸವು ಭೂಮಿ ಚಂದ್ರನ ಮೇಲೆ ಬೀರುವ ಸೆಳೆತದ ಸುಮಾರು 90ರಲ್ಲಿ ಒಂದು ಪಾಲು ಮಾತ್ರ. ಆದ್ದರಿಂದ ಚಂದ್ರನ ಕಕ್ಷೆ ಸೂರ್ಯನ ಕಾರಣದಿಂದ ಅಲುಗಾಡುತ್ತದೆ, ಬಿಗಿ ಸಡಿಲಿಸುವುದಿಲ್ಲ.

ದೂರ ಹೆಚ್ಚಿದಂತೆ ಭೂಮಿಯ ಸೆಳೆತ ಕುಗ್ಗುತ್ತದೆ, ಸೂರ್ಯನ ಸೆಳೆತದಲ್ಲಿನ ವ್ಯತ್ಯಾಸ ಹಿಗ್ಗುತ್ತದೆ. ಸೂರ್ಯನ ಸುತ್ತಲಿನ ಚಲನೆಯನ್ನೂ ಲೆಕ್ಕಕ್ಕೆ ಹಿಡಿದರೆ ಇವೆರಡೂ ಸಮನಾಗುವುದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದಲ್ಲಿ. ಖಗೋಳ ವಿಜ್ಞಾನಿಗಳು ಇದನ್ನು ಹಿಲ್ ಗೋಳ ಎನ್ನುತ್ತಾರೆ. ಭೂಮಿಯ ಆಳ್ವಿಕೆಯ ಗಡಿ ಎಂದು ಇದನ್ನು ಭಾವಿಸಬಹುದು. ಸೂರ್ಯನನ್ನು ಗಮನಿಸುವ ಆದಿತ್ಯ-ಎಲ್1 ನೌಕೆಯೂ ಜೇಮ್ಸ್ ವೆಬ್ ದೂರದರ್ಶಕವೂ ಇರುವುದು ಈ ಗಡಿಯ ಎರಡು ತುದಿಗಳ ಆಸುಪಾಸಿನಲ್ಲಿ, ಮೊದಲನೆಯದು ಸೂರ್ಯನ ಕಡೆಗೆ, ಎರಡನೆಯದು ಅದರ ವಿರುದ್ಧ ದಿಕ್ಕಿಗೆ. ಚಂದ್ರ ಈ ಗಡಿಯ ಕಾಲುಭಾಗದಷ್ಟು ದೂರದಲ್ಲಿ, ಅಂದರೆ ಸಾಕಷ್ಟು ಒಳಗೆ, ಸುರಕ್ಷಿತವಾಗಿದ್ದಾನೆ. ಒಂದು ಕಾಯ ಯಾರದ್ದು ಎಂಬುದನ್ನು ನಿರ್ಧರಿಸುವಾಗ ಯಾರು ಹೆಚ್ಚು ಎಳೆಯುತ್ತಾರೆ ಎಂದು ಕೇಳಿದರೆ ಉತ್ತರ ತಪ್ಪಾಗುತ್ತದೆ. ಕೇಳಬೇಕಾದದ್ದು ಅದು ಈ ಗಡಿಯ ಒಳಗಿದೆಯೇ, ಒಳಗೇ ಉಳಿಯುತ್ತದೆಯೇ ಎಂದು.

ಜೊತೆಗಿದ್ದೂ ಸೇರದ ಬಂಡೆ

2025 ಪಿಎನ್7 ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಅದು ಭೂಮಿಯಂತೆಯೇ ಹೆಚ್ಚುಕಡಿಮೆ ಒಂದು ವರ್ಷದಲ್ಲಿ ಸೂರ್ಯನನ್ನು ಸುತ್ತುತ್ತದೆ, ಆದರೆ ಅದರ ಕಕ್ಷೆ ಭೂಮಿಯದ್ದಕ್ಕಿಂತ ಹೆಚ್ಚು ಚಪ್ಪಟೆ. ಸೂರ್ಯನಿಗೆ ಹತ್ತಿರವಾದ ಅರ್ಧದಲ್ಲಿ ಅದು ಭೂಮಿಗಿಂತ ವೇಗವಾಗಿ ಸಾಗಿ ಮುಂದೆ ಹೋಗುತ್ತದೆ, ದೂರದ ಅರ್ಧದಲ್ಲಿ ನಿಧಾನಗೊಂಡು ಹಿಂದೆ ಬೀಳುತ್ತದೆ. ಭೂಮಿಯಲ್ಲಿ ನಿಂತು ನೋಡುವವರಿಗೆ ಅದು ಒಮ್ಮೆ ಸೂರ್ಯನ ಕಡೆಗೆ, ಆಮೇಲೆ ಮುಂದೆ, ಬಳಿಕ ಆಚೆ ಬದಿಗೆ, ಕೊನೆಗೆ ಹಿಂದೆ ಕಾಣುತ್ತದೆ. ಈ ನಾಲ್ಕನ್ನೂ ಸೇರಿಸಿ ಗೆರೆ ಎಳೆದರೆ ಅದು ವರ್ಷಕ್ಕೊಮ್ಮೆ ಭೂಮಿಯನ್ನೇ ಪ್ರದಕ್ಷಿಣೆ ಹಾಕಿದಂತೆ ಆಗುತ್ತದೆ. ಇಂಥ ಕಾಯಗಳನ್ನು ಅರೆ-ಉಪಗ್ರಹ ಎನ್ನಲಾಗುತ್ತದೆ.

ವ್ಯತ್ಯಾಸ ತಿಳಿಯಲು ಒಂದು ಕಲ್ಪನೆ ನೆರವಾಗುತ್ತದೆ. ಭೂಮಿ ಇದ್ದಕ್ಕಿದ್ದಂತೆ ಮಾಯವಾಯಿತು ಎಂದುಕೊಳ್ಳೋಣ. ಚಂದ್ರ ಸೂರ್ಯನನ್ನು ಸುತ್ತುವುದನ್ನು ಮುಂದುವರಿಸುತ್ತಾನೆ, ಆದರೆ ತಿಂಗಳಿಗೊಮ್ಮೆ ಹಾಕುತ್ತಿದ್ದ ಸುತ್ತು ಆ ಕ್ಷಣದಲ್ಲೇ ನಿಂತುಹೋಗುತ್ತದೆ. 2025 ಪಿಎನ್7ಗೆ ಮಾತ್ರ ಏನೂ ಆಗುವುದಿಲ್ಲ. ಭೂಮಿ ಇರಬೇಕಾಗಿದ್ದ ಖಾಲಿ ಜಾಗದ ಸುತ್ತ ಅದರ ವಾರ್ಷಿಕ ಪ್ರದಕ್ಷಿಣೆ ಬಹುತೇಕ ಹಾಗೆಯೇ ವರ್ಷಗಟ್ಟಲೆ ಕಾಣಿಸುತ್ತಿರುತ್ತದೆ, ಏಕೆಂದರೆ ಆ ಸುತ್ತನ್ನು ಉಂಟುಮಾಡಿದ್ದು ಭೂಮಿಯ ಹಿಡಿತವಲ್ಲ, ಸೂರ್ಯನ ಸುತ್ತಲಿನ ಎರಡು ಕಕ್ಷೆಗಳ ಹೊಂದಾಣಿಕೆ. ಭೂಮಿಯ ಪಾತ್ರ ಇಲ್ಲವೇ ಇಲ್ಲ ಎಂದಲ್ಲ. ಅದರ ಸಣ್ಣ ಸೆಳೆತ ದಶಕಗಳ ಕಾಲ ಎರಡರ ಲಯ ತಪ್ಪದಂತೆ ತಿದ್ದುತ್ತಿರುತ್ತದೆ. ಇದು ಕುರಿಗಾಹಿ ಮಂದೆಯನ್ನು ನಡೆಸಿದಂತೆ, ಗೂಟಕ್ಕೆ ಕಟ್ಟಿದಂತಲ್ಲ.

ಇಂಥ ಸಂಗಾತಿ ಇದೊಂದೇ ಅಲ್ಲ. 2016ರಲ್ಲಿ ಪತ್ತೆಯಾದ ಕಮೋಓಆಲೆವಾ ಎಂಬ ಕ್ಷುದ್ರಗ್ರಹ ಇದೇ ವರ್ಗದ್ದು. ಶುಕ್ರನಿಗೂ ಒಂದು ಅರೆ-ಉಪಗ್ರಹವಿದೆ. ಹಾಗಾಗಿ ‘ಎರಡನೆಯ’ ಎಂಬ ಎಣಿಕೆಯೂ ನಿಲ್ಲುವುದಿಲ್ಲ.

ಚಂದ್ರ ಎನ್ನಬೇಕೆ, ಬೇಡವೇ?

ವಿಜ್ಞಾನಿಗಳ ನಡುವೆಯೂ ಇಲ್ಲಿ ಒಮ್ಮತವಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2006ರಲ್ಲಿ ಗ್ರಹ ಎಂದರೇನು ಎಂಬುದನ್ನು ನಿರೂಪಿಸಿತಾದರೂ ಉಪಗ್ರಹಕ್ಕೆ ಅಂಥ ನಿರೂಪಣೆಯನ್ನು ನೀಡಿಲ್ಲ. ಎಷ್ಟು ದೊಡ್ಡದಿರಬೇಕು, ಎಷ್ಟು ಕಾಲ ಇರಬೇಕು ಎಂಬ ಯಾವ ಮಿತಿಯೂ ಇಲ್ಲ. 2025ರ ಮಾರ್ಚ್‌ನಲ್ಲಿ ಶನಿಗ್ರಹಕ್ಕೆ ಒಮ್ಮೆಗೇ 128 ಹೊಸ ಉಪಗ್ರಹಗಳು ಮಾನ್ಯವಾಗಿ ಒಟ್ಟು ಸಂಖ್ಯೆ 274ಕ್ಕೆ ಏರಿದಾಗ ಈ ಕೊರತೆ ಎದ್ದು ಕಂಡಿತ್ತು.

2024 ಪಿಟಿ5 ಪ್ರಕರಣದಲ್ಲಿ ಎರಡು ನಿಲುವುಗಳು ಎದುರಾದವು. ಶಕ್ತಿಯ ಲೆಕ್ಕವನ್ನು ಮಾನದಂಡವಾಗಿ ಇಟ್ಟುಕೊಂಡವರು, ಭೂಮಿಗೆ ಹೋಲಿಸಿದಾಗ ಕಾಯದ ವೇಗವು ಆ ದೂರದಲ್ಲಿನ ಬಿಡುಗಡೆ ವೇಗಕ್ಕಿಂತ ಕಡಿಮೆ ಇದ್ದಷ್ಟು ಕಾಲ ಅದು ಸೆರೆಯಾದಂತೆಯೇ ಎನ್ನುತ್ತಾರೆ. ಆ ಬಂಡೆ ಸುಮಾರು 57 ದಿನಗಳ ಕಾಲ ಈ ಷರತ್ತನ್ನು ಪೂರೈಸಿತು. ಇನ್ನೊಂದು ಪಕ್ಷದವರು ಒಂದು ಪೂರ್ಣ ಸುತ್ತನ್ನಾದರೂ ಹಾಕಬೇಕು, ಹಿಲ್ ಗೋಳದ ಒಳಗೆ ಇರಬೇಕು ಎಂದು ಬಯಸುತ್ತಾರೆ. 2024 ಪಿಟಿ5 ಆ ದಿನಗಳಲ್ಲಿ ಹಿಲ್ ಗೋಳದ ಹೊರಗೇ ಇತ್ತು, ಸುತ್ತನ್ನೂ ಪೂರ್ಣಗೊಳಿಸಲಿಲ್ಲ. ಇದಕ್ಕೆ ವಿರುದ್ಧವಾಗಿ, 2006 ಆರ್‌ಎಚ್120 ಎಂಬ ಕೆಲವೇ ಮೀಟರ್ ಗಾತ್ರದ ಬಂಡೆ 2006ರ ಸೆಪ್ಟೆಂಬರಿನಿಂದ 2007ರ ಜೂನ್‌ವರೆಗೆ ಭೂಮಿಯನ್ನು ನಿಜವಾಗಿಯೇ ಸುತ್ತಿತ್ತು. ತಾತ್ಕಾಲಿಕ ಉಪಗ್ರಹ ಎಂಬ ಮಾತು ಅದಕ್ಕೆ ಒಪ್ಪುತ್ತದೆ. ಶಕ್ತಿಯ ಲೆಕ್ಕ ಗಣಿತವಾಗಿ ಸರಿಯಿದ್ದರೂ, ಒಂದು ಸುತ್ತನ್ನೂ ಹಾಕದ ಕಾಯವನ್ನು ಉಪಗ್ರಹ ಎಂದರೆ ಆ ಪದದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅರೆ-ಉಪಗ್ರಹಗಳಿಗೆ ಆ ಹೆಸರನ್ನು ಕೊಡಲು ಎರಡನೆಯ ಪಕ್ಷದಲ್ಲಂತೂ ಅವಕಾಶವೇ ಇಲ್ಲ, ಮೊದಲನೆಯದರಲ್ಲೂ ಇಲ್ಲ.

ಇದೇ ತರ್ಕವನ್ನು ಎಳೆದು, ಸೂರ್ಯನ ಸುತ್ತಲಿನ ಚಂದ್ರನ ದಾರಿ ಸದಾ ಸೂರ್ಯನ ಕಡೆಗೇ ಬಾಗಿರುವುದರಿಂದ ಅವನೂ ಉಪಗ್ರಹವಲ್ಲ, ಭೂಮಿಯ ಜೋಡಿ ಗ್ರಹ ಎಂದು ವಾದಿಸಿದವರಿದ್ದಾರೆ. ದಾರಿಯ ಬಗೆಗಿನ ಮಾತು ನಿಜ. ಆದರೆ ಭೂಮಿ ಮತ್ತು ಚಂದ್ರ ಇಬ್ಬರೂ ಸುತ್ತುವ ಸಮಾನ ಕೇಂದ್ರವು ಭೂಮಿಯ ಕೇಂದ್ರದಿಂದ ಸುಮಾರು 4,670 ಕಿಲೋಮೀಟರ್ ದೂರದಲ್ಲಿ, ಭೂಮಿಯ ಒಡಲಿನೊಳಗೇ ಇದೆ.

ಸೆರೆ ಹಿಡಿಯುವುದು ಏಕೆ ಕಷ್ಟ

ಗುರುತ್ವವು ಹತ್ತಿರ ಬಂದದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಊಹೆಯಿಂದಲೇ ಇಂಥ ಸುದ್ದಿಗಳು ವಿಚಿತ್ರವೆನಿಸುತ್ತವೆ. ಬೋಗುಣಿಯ ಅಂಚಿನಿಂದ ಒಳಗೆ ಉರುಳಿಬಂದ ಗೋಲಿ ಎದುರು ಬದಿಯನ್ನು ಏರಿ ಹೊರಗೆ ಹೋಗುತ್ತದೆ, ಏಕೆಂದರೆ ಇಳಿಯುವಾಗ ಗಳಿಸಿದ ವೇಗವೇ ಏರಲು ಸಾಕಾಗುತ್ತದೆ. ಅಂತರಿಕ್ಷದಿಂದ ಬಂದ ಬಂಡೆಯ ಸ್ಥಿತಿಯೂ ಅದೇ. ಅದು ಉಳಿಯಬೇಕಾದರೆ ಎಲ್ಲೋ ಒಂದು ಕಡೆ ಶಕ್ತಿಯನ್ನು ಕಳೆದುಕೊಳ್ಳಬೇಕು. ವಾತಾವರಣವನ್ನು ಉಜ್ಜಿಕೊಂಡು ಹೋಗಬೇಕು ಅಥವಾ ಮೂರನೆಯ ಕಾಯವೊಂದು ಆ ಶಕ್ತಿಯನ್ನು ಹೊತ್ತೊಯ್ಯಬೇಕು. ನೆಪ್ಚೂನಿನ ಟ್ರೈಟಾನ್ ತನ್ನ ಗ್ರಹ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುವ ಏಕೈಕ ದೊಡ್ಡ ಉಪಗ್ರಹವಾದ್ದರಿಂದ, ಅದು ಹೊರಗಿನಿಂದ ಜೋಡಿಯಾಗಿ ಬಂದು, ಜೊತೆಗಾರನನ್ನು ಕಳೆದುಕೊಂಡು ಸೆರೆಯಾಯಿತು ಎಂಬ ವಿವರಣೆಗೆ ಬೆಂಬಲವಿದೆ. ಸೂರ್ಯನೇ ಮೂರನೆಯ ಕಾಯವಾದಾಗ ಮಾತ್ರ ಸೆರೆ ತಾತ್ಕಾಲಿಕ, ಏಕೆಂದರೆ ಅವನು ಒಮ್ಮೆ ಕಸಿದುಕೊಂಡದ್ದನ್ನು ಇನ್ನೊಮ್ಮೆ ಮರಳಿಸುತ್ತಾನೆ. ಶೂಮೇಕರ್-ಲೆವಿ 9 ಎಂಬ ಧೂಮಕೇತು ಹಾಗೆ ಗುರುವಿನ ಸುತ್ತ ಸಿಲುಕಿ, 1992ರಲ್ಲಿ ತೀರಾ ಸಮೀಪ ಹಾದುಹೋದಾಗ ತುಂಡಾಗಿ, 1994ರ ಜುಲೈಯಲ್ಲಿ ಗುರುವಿಗೇ ಅಪ್ಪಳಿಸಿತು.

ಪರಿಣಾಮಗಳು

ಇಪ್ಪತ್ತು ಮೀಟರ್ ಬಂಡೆಯ ತೂಕ ಅಂದಾಜು ಹತ್ತು ಸಾವಿರ ಟನ್ನುಗಳ ಆಸುಪಾಸು. ಅದರಿಂದ ಸಮುದ್ರದ ಉಬ್ಬರವಿಳಿತ ಬದಲಾಗದು, ಬರಿಗಣ್ಣಿಗೆ ಅದು ಕಾಣದು. ಅದರ ಪ್ರಯೋಜನ ಬೇರೆಯೇ. ಭೂಮಿಯದ್ದಕ್ಕೆ ಹೋಲುವ ಕಕ್ಷೆಯಲ್ಲಿರುವ ಕಾಯಗಳನ್ನು ಕಡಿಮೆ ಇಂಧನದಲ್ಲಿ ತಲುಪಬಹುದು. ಚೀನಾವು 2025ರ ಮೇ ತಿಂಗಳಲ್ಲಿ ಉಡಾಯಿಸಿದ ತಿಯಾನ್‌ವೆನ್-2 ನೌಕೆಯ ಮೊದಲ ಗುರಿ ಕಮೋಓಆಲೆವಾ. ಅಲ್ಲಿಂದ ಮಾದರಿಯನ್ನು ತರುವುದು ಉದ್ದೇಶ. ಆ ಕ್ಷುದ್ರಗ್ರಹದಿಂದ ಪ್ರತಿಫಲಿಸುವ ಬೆಳಕು ಚಂದ್ರಶಿಲೆಗಳದ್ದನ್ನು ಹೋಲುವುದರಿಂದ, ಅದು ಯಾವುದೋ ಘರ್ಷಣೆಯಲ್ಲಿ ಚಂದ್ರನಿಂದಲೇ ಸಿಡಿದ ಚೂರಾಗಿರಬಹುದು ಎಂಬ ಊಹೆ ಪರೀಕ್ಷೆಗೆ ಒಳಗಾಗಲಿದೆ.

ನಮ್ಮ ಚಂದ್ರನೂ ನಿಂತಲ್ಲಿ ನಿಂತಿಲ್ಲ. ಅವನು ಎಬ್ಬಿಸುವ ಉಬ್ಬರವನ್ನು ಭೂಮಿಯ ತಿರುಗುವಿಕೆ ತುಸು ಮುಂದಕ್ಕೆ ಒಯ್ಯುತ್ತದೆ, ಆ ಉಬ್ಬು ಚಂದ್ರನನ್ನು ಮುಂದಕ್ಕೆ ಎಳೆಯುತ್ತದೆ, ಶಕ್ತಿ ಪಡೆದ ಚಂದ್ರ ದೂರ ಸರಿಯುತ್ತಾನೆ, ಭೂಮಿ ನಿಧಾನವಾಗುತ್ತದೆ. 1969ರಿಂದ ಚಂದ್ರನ ಮೇಲಿರುವ ಕನ್ನಡಿಗಳಿಗೆ ಲೇಸರ್ ಹಾಯಿಸಿ ಅಳೆದಾಗ ಈ ಸರಿಯುವಿಕೆ ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್ ಎಂದು ಕಂಡುಬಂದಿದೆ. ಮಂಗಳನ ಫೋಬೋಸ್ ತನ್ನ ಗ್ರಹ ತಿರುಗುವುದಕ್ಕಿಂತ ಬೇಗ ಸುತ್ತುವುದರಿಂದ ಅಲ್ಲಿ ಎಲ್ಲವೂ ತಿರುಗುಮುರುಗು, ಅದು ಹತ್ತಿರವಾಗುತ್ತಿದೆ.

2083ರ ಹೊತ್ತಿಗೆ 2025 ಪಿಎನ್7ರ ಲಯ ತಪ್ಪುತ್ತದೆ ಎಂದರೆ ಅದು ಎಲ್ಲಿಗೋ ಹಾರಿಹೋಗುತ್ತದೆ ಎಂದಲ್ಲ. ಲೆಕ್ಕಾಚಾರಗಳ ಪ್ರಕಾರ ಅದು ಲಾಳದ ಆಕಾರದ ಚಲನೆಗೆ ಹೊರಳುತ್ತದೆ. ಭೂಮಿಗಿಂತ ತುಸು ಒಳಗಿನ, ವೇಗದ ಕಕ್ಷೆಯಲ್ಲಿ ಹಿಂದಿನಿಂದ ಸಮೀಪಿಸುವ ಕಾಯವನ್ನು ಭೂಮಿ ಮುಂದಕ್ಕೆ ಎಳೆಯುತ್ತದೆ. ಹಾಗೆ ಶಕ್ತಿ ಪಡೆದ ಕಾಯದ ಕಕ್ಷೆ ಹಿಗ್ಗುತ್ತದೆ, ಹಿಗ್ಗಿದ ಕಕ್ಷೆಯಲ್ಲಿ ವೇಗ ಕಡಿಮೆ, ಆದ್ದರಿಂದ ಮುಂದಕ್ಕೆ ಎಳೆಸಿಕೊಂಡ ಕಾಯ ಹಿಂದೆ ಬೀಳತೊಡಗುತ್ತದೆ. ದಶಕಗಳ ಕಾಲ ಹಿಂದೆ ಸರಿಯುತ್ತಾ ಸರಿಯುತ್ತಾ ಅದು ಸೂರ್ಯನ ಆಚೆ ಬದಿಯನ್ನು ದಾಟಿ, ಕೊನೆಗೆ ಭೂಮಿಯ ಮುಂಭಾಗದಲ್ಲಿ ಕಾಣಿಸಿಕೊಳ್ಳುತ್ತದೆ. ಆಗ ಭೂಮಿ ಅದನ್ನು ಹಿಂದಕ್ಕೆ ಎಳೆಯುತ್ತದೆ, ಅದರ ಕಕ್ಷೆ ಕುಗ್ಗುತ್ತದೆ, ಅದು ವೇಗ ಹೆಚ್ಚಿಸಿಕೊಂಡು ಮುಂದೆ ಹೊರಡುತ್ತದೆ. ಶನಿಯ ಜಾನಸ್ ಮತ್ತು ಎಪಿಮೀಥಿಯಸ್ ಎಂಬ ಎರಡು ಉಪಗ್ರಹಗಳು ನಾಲ್ಕು ವರ್ಷಕ್ಕೊಮ್ಮೆ ಹೀಗೆಯೇ ಒಳ ಮತ್ತು ಹೊರ ಕಕ್ಷೆಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ, ಒಂದನ್ನೊಂದು ಎಂದೂ ಮುಟ್ಟದೆ.